ನಾಮದ ಪಕ್ಷ, ಭಾವದ ಪಕ್ಷ
ರಾಜಾಜಿಯವರ ರಾಜಕಾರಣವನ್ನು ಕುರಿತ ಒಂದು ವಿಮರ್ಶೆ

ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ನಾಮ, ಸ್ಥಾಪನಾ, ದ್ರವ್ಯ, ಭಾವ ಎಂಬ ನಾಲ್ಕು ನಿಕ್ಷೇಪಗಳನ್ನು ಹೇಳಿದ್ದಾರೆ. ಮಗುವಿಗೆ ಇಂದ್ರನೆಂದು ಹೆಸರಿಟ್ಟರೆ ಅದು ನಾಮದಿಂದ ಇಂದ್ರ. ಪ್ರತಿಮೆಯಲ್ಲಿ ಇಂದ್ರನನ್ನು ಆರೋಪಿಸಿದರೆ ಅದು ಸ್ಥಾಪನೆ. ಮುಂದೆ ಇಂದ್ರನಾಗಲಿರುವ ಜೀವ ದ್ರವ್ಯದಿಂದ ಇಂದ್ರ. ಇಂದ್ರಪದವಿಯಲ್ಲಿ ಈಗ ಇರುವವನು ಮಾತ್ರ ಭಾವದಿಂದ ಇಂದ್ರ. ಶಬ್ದವನ್ನು ಯಾವ ಅರ್ಥದಲ್ಲಿ ಬಳಸಲಾಗುತ್ತಿದೆ ಎಂಬುದನ್ನು ವಿಂಗಡಿಸಿಕೊಳ್ಳದೆ ವಿಚಾರಕ್ಕೆ ತೊಡಗಬಾರದೆಂಬುದು ಇದರ ತಾತ್ಪರ್ಯ. ಈ ವಿವೇಕವು ಶಾಸ್ತ್ರಾಧ್ಯಯನಕ್ಕೆ ಮಾತ್ರ ಮೀಸಲಾದುದಲ್ಲ. ಚುನಾವಣೆಯ ಕಾಲದಲ್ಲಿ ಮನೆಯ ಬಾಗಿಲಿಗೆ ಬಂದು ‘ತಾವು ಯಾವ ಕಡೆಯವರು?’ ಎಂದು ಕೇಳುವವರಿಗೆ ಉತ್ತರ ಕೊಡುವಾಗಲೂ ಅದು ಬೇಕಾಗುತ್ತದೆ.

ಇಂದಿನ ಶ್ರಾವಕ ಕುಟುಂಬವೊಂದರ ಅಭಿಪ್ರಾಯಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಆ ಪ್ರಶ್ನೆಯ ತೊಡಕು ತಿಳಿಯುತ್ತದೆ. ಪ್ರಾಣಿವಧೆಯ ವಿರೋಧದಲ್ಲಿ ಅದು ಒಂದು ಪಕ್ಷದ ಸಮೀಪದಲ್ಲಿರುತ್ತದೆ. 2014ರಲ್ಲಿ ಕೇಂದ್ರ ಸರ್ಕಾರವು ಜೈನ ಸಮಾಜಕ್ಕೆ ನೀಡಿದ ಅಲ್ಪಸಂಖ್ಯಾತ ಮಾನ್ಯತೆಯ ರಕ್ಷಣೆಯಲ್ಲಿ ಇನ್ನೊಂದರ ಸಮೀಪದಲ್ಲಿರಬಹುದು. ವ್ಯಾಪಾರದ ತೆರಿಗೆಗಳ ವಿಷಯದಲ್ಲಿ ಮೂರನೆಯದು ಹಿತವೆನಿಸಬಹುದು. ಯುದ್ಧಾಸ್ತ್ರಗಳ ವಿಷಯದಲ್ಲಿಯೋ ಯಾವ ಪಕ್ಷದ ಮಾತೂ ಅದಕ್ಕೆ ಪೂರ್ಣವಾಗಿ ಒಪ್ಪಿಗೆಯಾಗದು. ಇಂಥವರನ್ನು ಏನೆಂದು ಕರೆಯಬೇಕು? ಎಡ, ಬಲ ಎಂಬ ಪದಗಳಾದರೂ 1789ರ ಫ್ರಾನ್ಸಿನ ಸಭೆಯಲ್ಲಿ ಸದಸ್ಯರು ಕುಳಿತ ಸ್ಥಾನಗಳಿಂದ ಹುಟ್ಟಿದವು. ಕುಳಿತ ಜಾಗವೇ ಮನುಷ್ಯನ ಭಾವವೆಂದು ಹೇಳಲಾಗದು.

ಈ ಪ್ರಶ್ನೆಯನ್ನು ದೀರ್ಘ ಸಾರ್ವಜನಿಕ ಜೀವನದಲ್ಲಿ ಎದುರಿಸಿದವರು ಚಕ್ರವರ್ತಿ ರಾಜಗೋಪಾಲಾಚಾರಿಯವರು. ಹೊಸೂರಿನ ಬಳಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ರಾಜಾಜಿಯವರನ್ನು ಇತಿಹಾಸಕಾರರು ಸಾಮಾನ್ಯವಾಗಿ ಸಂಪ್ರದಾಯವಾದಿ, ಬಲಪಂಥೀಯ ಎಂದು ಕರೆದಿದ್ದಾರೆ. ಅವರು 1959ರಲ್ಲಿ ಸ್ಥಾಪಿಸಿದ ಸ್ವತಂತ್ರ ಪಕ್ಷವನ್ನು ಕುರಿತು ಹೊವರ್ಡ್ ಅರ್ಡ್‌ಮನ್ 1967ರಲ್ಲಿ ಪ್ರಕಟಿಸಿದ ಅಧ್ಯಯನದ ಶೀರ್ಷಿಕೆಯಲ್ಲಿಯೇ ‘ಭಾರತೀಯ ಸಂಪ್ರದಾಯವಾದ’ವೆಂಬ ಮಾತು ಸೇರಿದೆ. ಪಕ್ಷವೊಂದರ ವರ್ಣನೆಗೆ ಈ ಹೆಸರು ಒಪ್ಪಬಹುದು. ಅದರ ಸ್ಥಾಪಕರ ಒಟ್ಟು ನಡೆಗೆ ಅದು ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬುದು ವಿಚಾರಣೀಯ.

1937ರಲ್ಲಿ ಮದರಾಸು ಪ್ರಾಂತ್ಯದ ಸರ್ಕಾರದ ಮುಖ್ಯಸ್ಥರಾದ ರಾಜಾಜಿಯವರು ಅದೇ ವರ್ಷ ಸೇಲಂ ಜಿಲ್ಲೆಯಲ್ಲಿ ಪಾನನಿರೋಧವನ್ನು ಜಾರಿಗೆ ತಂದರು. 1939ರಲ್ಲಿ, ಅಸ್ಪೃಶ್ಯರೆನಿಸಿದವರ ದೇವಾಲಯ ಪ್ರವೇಶಕ್ಕೆ ಕಾನೂನಿನ ರಕ್ಷಣೆ ಒದಗಿಸಿದರು. ಸಂಪ್ರದಾಯದ ಕಾವಲುಗಾರನೆನಿಸಿಕೊಂಡವನು ಮಾಡುವ ಕೆಲಸ ಇದಲ್ಲ. ಹೆಂಡದ ಕಂದಾಯವನ್ನು ಕಳೆದುಕೊಂಡ ಬೊಕ್ಕಸವನ್ನು ತುಂಬಲು ಆ ವರ್ಷವೇ ಅವರ ಸರ್ಕಾರ ಮಾರಾಟ ತೆರಿಗೆಯನ್ನು ವಿಧಿಸಿತು. ಮುಂದೆ ಪರ್ಮಿಟ್ಟು, ಲೈಸೆನ್ಸುಗಳ ಆಡಳಿತವನ್ನು ಕಟುವಾಗಿ ಖಂಡಿಸಿ ವರ್ತಕರ ಪಕ್ಷಪಾತಿ ಎನಿಸಿಕೊಂಡವರೇ ಅಂದು ವರ್ತಕರ ಲೆಕ್ಕದ ಪುಸ್ತಕಕ್ಕೆ ಹೊಸ ತೆರಿಗೆಯನ್ನು ತಂದವರು. ಮದ್ಯದಿಂದ ಬರುವ ಹಣ ಬೇಡವೆಂದಮೇಲೆ ಅದರ ಭಾರವನ್ನು ಯಾರಾದರೂ ಹೊರಬೇಕು ಎಂಬುದನ್ನು ಅವರು ಮರೆಮಾಚಲಿಲ್ಲ.

ಪರಮಾಣು ಅಸ್ತ್ರಗಳ ವಿಷಯದಲ್ಲಿ ಅವರ ನಿಲುವು ಇನ್ನೂ ಗಮನಾರ್ಹ. ಸ್ವತಂತ್ರ ಪಕ್ಷದ ಪ್ರಮುಖರಲ್ಲಿ ಅಮೆರಿಕದ ಮೈತ್ರಿಯನ್ನು ಬಯಸುವವರಿದ್ದರು. 1962ರಲ್ಲಿ ಗಾಂಧಿ ಶಾಂತಿ ಪ್ರತಿಷ್ಠಾನದ ಪರವಾಗಿ ಕನ್ನಡ ನಾಡಿನ ರಂ. ರಾ. ದಿವಾಕರರೊಡನೆ ಅಮೆರಿಕಕ್ಕೆ ಹೋದ ರಾಜಾಜಿಯವರು, ಅಣ್ವಸ್ತ್ರ ಪರೀಕ್ಷೆಗಳನ್ನು ನಿಲ್ಲಿಸಬೇಕೆಂದು ಅಧ್ಯಕ್ಷ ಕೆನೆಡಿಯವರನ್ನೇ ಕೇಳಿದರು. ಆರ್ಥಿಕ ನೀತಿಯಲ್ಲಿ ನೆಹರೂ ಅವರ ಕಡು ವಿರೋಧಿಯಾಗಿದ್ದರೂ, 1964ರಲ್ಲಿ ಶೇಖ್ ಅಬ್ದುಲ್ಲಾ ಅವರೊಡನೆ ನೆಹರೂ ನಡೆಸಿದ ಮಾತುಕತೆಯನ್ನು ಅವರು ಬೆಂಬಲಿಸಿದರು. ವಿರೋಧಿಯು ಮಾಡಿದ ಸರಿಯಾದ ಕಾರ್ಯವನ್ನು ಸರಿಯೆನ್ನಲು ಅವರಿಗೆ ಪಕ್ಷ ಅಡ್ಡಿಯಾಗಲಿಲ್ಲ.

ಜೈನ ನ್ಯಾಯದ ಪರಿಭಾಷೆಯಲ್ಲಿ ಹೇಳುವುದಾದರೆ, ವಸ್ತುವಿನ ಒಂದು ಅಂಶವನ್ನು ಹೇಳಿ ಉಳಿದ ಅಂಶಗಳನ್ನು ಅಲ್ಲಗಳೆಯದಿರುವುದು ನಯ. ತಾನು ಕಂಡ ಅಂಶವೇ ಸಮಸ್ತವೆಂದು ಸಾಧಿಸುವುದು ದುರ್ನಯ. ಪಕ್ಷವೆಂಬುದು ಒಂದು ನಯವಾಗಿ ಇರಲು ಸಾಧ್ಯವೇ? ಸ್ವತಂತ್ರ ಪಕ್ಷದ 21 ಮೂಲತತ್ತ್ವಗಳಲ್ಲಿ ಕೊನೆಯದು ಈ ದೃಷ್ಟಿಯಿಂದ ಮನನೀಯವಾಗಿದೆ. ಆ ತತ್ತ್ವಗಳ ವ್ಯಾಪ್ತಿಗೆ ಸೇರದ ಎಲ್ಲ ವಿಷಯಗಳಲ್ಲಿ ಸದಸ್ಯರಿಗೆ ಪೂರ್ಣ ಸ್ವಾತಂತ್ರ್ಯವಿದೆ ಎಂದು ಅದು ಸಾರಿತ್ತು. ಕೆಲವೇ ವಿಷಯಗಳಲ್ಲಿ ಕಟ್ಟು, ಉಳಿದವುಗಳಲ್ಲಿ ಮನಸ್ಸಾಕ್ಷಿ ಎಂಬ ಈ ಏರ್ಪಾಡು ಭಾರತದ ಪಕ್ಷಗಳ ಇತಿಹಾಸದಲ್ಲಿ ವಿರಳವಾದುದು.

ಆದರೆ ಗುಣಗ್ರಹಣದಷ್ಟೇ ದೋಷವಿಚಾರವೂ ವಿಮರ್ಶೆಯ ಧರ್ಮ. ಪಕ್ಷದ ಗೆರೆಗಳನ್ನು ದಾಟಿದ ಮಾತ್ರಕ್ಕೆ ರಾಜಾಜಿಯವರ ನಿರ್ಣಯಗಳೆಲ್ಲ ಸರಿಯಾಗಲಿಲ್ಲ. ಶಾಲೆಯ ಅವಧಿಯನ್ನು ಕಡಿಮೆಮಾಡಿ, ಉಳಿದ ಹೊತ್ತಿನಲ್ಲಿ ಮಕ್ಕಳು ಮನೆಯ ಕಸುಬನ್ನು ಕಲಿಯಲೆಂದು 1953ರಲ್ಲಿ ಅವರು ತಂದ ಪ್ರಾಥಮಿಕ ಶಿಕ್ಷಣದ ಯೋಜನೆಯು, ಜಾತಿಗಂಟಿದ ವೃತ್ತಿಯನ್ನು ಮುಂದಿನ ಪೀಳಿಗೆಗೂ ಕಟ್ಟುವುದೆಂಬ ನ್ಯಾಯವಾದ ಆಕ್ಷೇಪಕ್ಕೆ ಗುರಿಯಾಯಿತು. ದೇವಾಲಯದ ಬಾಗಿಲನ್ನು ತೆರೆಸಿದವರು ಶಾಲೆಯ ಬಾಗಿಲನ್ನು ಕಿರಿದುಮಾಡಿದರೆಂಬ ನೋವು ಹಲವರಿಗಾಯಿತು. 1954ರಲ್ಲಿ ಅವರು ಅಧಿಕಾರದಿಂದ ಇಳಿದ ಬಳಿಕ ಆ ಯೋಜನೆಯನ್ನು ಕೈಬಿಡಲಾಯಿತು.

ಇದಕ್ಕಿಂತ ಸೂಕ್ಷ್ಮವಾದ ದೋಷವು 1960ರ ದಶಕದಲ್ಲಿ ಕಾಣುತ್ತದೆ. ಸ್ವತಂತ್ರ ಪಕ್ಷದಲ್ಲಿ ಹಿಂದಿನ ಸಂಸ್ಥಾನಿಕರು, ಜಮೀನುದಾರರು, ರೈತ ನಾಯಕ ರಂಗಾ, ಮುಂಬಯಿಯ ಮಸಾನಿ ಮುಂತಾದವರು ಕೂಡಿದ್ದರು. ಇವರನ್ನು ಒಂದುಗೂಡಿಸಿದ್ದು 21 ತತ್ತ್ವಗಳಿಗಿಂತ ಹೆಚ್ಚಾಗಿ ಕಾಂಗ್ರೆಸ್ಸಿನ ವಿರೋಧ. ಕಾಂಗ್ರೆಸ್ಸನ್ನು ಇಳಿಸುವ ಉದ್ದೇಶದಿಂದಲೇ ರಾಜಾಜಿಯವರು ಬಹುಕಾಲದ ಪ್ರತಿಪಕ್ಷಿಯಾಗಿದ್ದ ಡಿ.ಎಂ.ಕೆ.ಯೊಡನೆ ಮೈತ್ರಿ ಮಾಡಿಕೊಂಡರು. 1967ರಲ್ಲಿ ಡಿ.ಎಂ.ಕೆ. ಅಧಿಕಾರಕ್ಕೆ ಬಂದಿತು, ಲೋಕಸಭೆಯಲ್ಲಿ ಸ್ವತಂತ್ರ ಪಕ್ಷಕ್ಕೆ 44 ಸ್ಥಾನಗಳು ಲಭಿಸಿದವು. 1971ರ ವೇಳೆಗೆ ಆ ಮೈತ್ರಿ ಮುರಿದಿತ್ತು. ಪಕ್ಷಕ್ಕೆ ಉಳಿದದ್ದು 8 ಸ್ಥಾನಗಳು. ಅದೇ ವರ್ಷ ಡಿ.ಎಂ.ಕೆ. ಸರ್ಕಾರವು ರಾಜಾಜಿಯವರು ಜೀವನವಿಡೀ ಪ್ರತಿಪಾದಿಸಿದ ಪಾನನಿರೋಧವನ್ನು ತೆಗೆದುಹಾಕಿತು. 1972ರ ಡಿಸೆಂಬರಿನಲ್ಲಿ ಅವರು ನಿಧನರಾದರು; 1974ರಲ್ಲಿ ಪಕ್ಷವೂ ಇತರ ಪಕ್ಷಗಳೊಡನೆ ವಿಲೀನವಾಯಿತು. ಹೆಸರಿನ ಹಂಗು ಬೇಡವೆಂದವರೂ ಒಂದೇ ವಿರೋಧವನ್ನು ಎಲ್ಲಕ್ಕೂ ಅಳತೆಗೋಲಾಗಿ ಹಿಡಿದರೆ ಆ ವಿರೋಧವೇ ಅವರ ಹೆಸರಾಗುತ್ತದೆ. ನಯವು ದುರ್ನಯವಾಗುವ ಬಗೆ ಇದು.

ಹಾಗಾದರೆ ಯಾವ ಪಕ್ಷಕ್ಕೂ ಸೇರದೆ, ‘ಎಲ್ಲದರಲ್ಲಿಯೂ ಸ್ವಲ್ಪ ಸತ್ಯವಿದೆ’ ಎಂದು ದೂರ ನಿಲ್ಲುವುದೇ ಅನೇಕಾಂತವೇ? ಸಮಾಜದಲ್ಲಿ ಈ ಮಾತು ಆಗಾಗ ಕೇಳಿಬರುತ್ತದೆ. ಇದು ಅನೇಕಾಂತವಲ್ಲ, ಅನೇಕಾಂತದ ಹೆಸರಿನಲ್ಲಿ ನಡೆಯುವ ಉದಾಸೀನ. ಸಪ್ತಭಂಗಿಯ ಪ್ರತಿಯೊಂದು ಭಂಗದಲ್ಲಿಯೂ ‘ಸ್ಯಾತ್’ ಎಂಬ ಪದದೊಡನೆ ‘ಏವ’ ಎಂಬ ಪದವೂ ವಿವಕ್ಷಿತವಾಗಿದೆ. ಮೊದಲನೆಯದು ‘ಇಂಥ ಅಪೇಕ್ಷೆಯಿಂದ’ ಎಂದು ಗಡಿಯನ್ನು ಹೇಳಿದರೆ, ಎರಡನೆಯದು ‘ನಿಶ್ಚಯವಾಗಿಯೂ ಹೀಗೆಯೇ’ ಎಂದು ನಿರ್ಣಯವನ್ನು ಕೊಡುತ್ತದೆ. ‘ಸ್ಯಾತ್’ ಅನ್ನು ಉಳಿಸಿಕೊಂಡು ‘ಏವ’ವನ್ನು ಬಿಟ್ಟವನ ಬಳಿ ಉಳಿಯುವುದು ಸಂಶಯ ಮಾತ್ರ. ಸ್ಯಾದ್ವಾದವು ಸಂಶಯವಾದವಲ್ಲವೆಂದು ಆಚಾರ್ಯರು ಶತಮಾನಗಳ ಕಾಲ ಪರವಾದಿಗಳಿಗೆ ಉತ್ತರಿಸಿದ್ದಾರೆ. ಆ ಉತ್ತರವನ್ನು ಅವರ ಅನುಯಾಯಿಗಳೇ ಮತಗಟ್ಟೆಯ ಮುಂದೆ ಸುಳ್ಳುಮಾಡುವುದು ಉಚಿತವಲ್ಲ.

ರಾಜಾಜಿಯವರ ಗುಣದೋಷಗಳೆರಡರಿಂದಲೂ ತಿಳಿಯಬೇಕಾದುದು ಇಷ್ಟು. ವ್ಯವಹಾರಕ್ಕೆ ಹೆಸರು ಬೇಕು. ಅದನ್ನು ನಾಮನಿಕ್ಷೇಪವೆಂದು ಅರಿತು ಬಳಸಿದರೆ ಬಾಧಕವಿಲ್ಲ. ಹೆಸರು ಹೊಂದದವನು ಇನ್ನೊಂದು ಹೆಸರನ್ನು ಹುಡುಕಿ ಬಳಲಬೇಕಾಗಿಲ್ಲ. ಯಾವ ಪ್ರಶ್ನೆಯಲ್ಲಿ, ಯಾವ ಅಪೇಕ್ಷೆಯಿಂದ, ಯಾರೊಡನೆ ನಿಂತಿದ್ದೇನೆ ಎಂಬುದನ್ನು ಕಾರಣಸಹಿತ ಹೇಳಬಲ್ಲವನಾಗಿರಬೇಕು. ತನ್ನ ನಿಲುವಿನ ಹೊರೆಯನ್ನು ಯಾರು ಹೊರುವರೆಂಬುದನ್ನೂ, ಮಾರಾಟ ತೆರಿಗೆಯ ಸಂದರ್ಭದಲ್ಲಿ ರಾಜಾಜಿಯವರು ಹೇಳಿದಂತೆ, ಮುಚ್ಚಿಡದೆ ಹೇಳಬೇಕು.

1985ರ ಪಕ್ಷಾಂತರ ನಿಷೇಧದ ತಿದ್ದುಪಡಿಯ ಬಳಿಕ, ಪಕ್ಷದ ಆದೇಶಕ್ಕೆ ವಿರುದ್ಧವಾಗಿ ಮತ ಹಾಕಿದ ಶಾಸಕನು ತನ್ನ ಸ್ಥಾನವನ್ನು ಕಳೆದುಕೊಳ್ಳಬೇಕಾಗಬಹುದು. ಮತದಾರನಿಗೆ ಅಂಥ ಕಟ್ಟಿಲ್ಲ. ಶಾಸಕನಿಗಿಲ್ಲದ ಸ್ವಾತಂತ್ರ್ಯ ಶ್ರಾವಕನಿಗಿರುವಾಗ ಅದನ್ನು ಸಮಾಜದ ಹೆಸರಿನಲ್ಲಿ ಯಾರೂ ಕಟ್ಟಿಹಾಕಬಾರದು. ಬಸದಿಗಳ ಟ್ರಸ್ಟುಗಳು ಇಲ್ಲಿ ವಿಶೇಷ ಎಚ್ಚರ ವಹಿಸುವುದು ಅವಶ್ಯ. ‘ನಮ್ಮ ಸಮಾಜದ ಮತವೆಲ್ಲ ಇಂಥವರಿಗೆ’ ಎಂದು ವೇದಿಕೆಯಿಂದ ಸಾರುವ ಟ್ರಸ್ಟು, ತನ್ನದಲ್ಲದ ವಸ್ತುವನ್ನು ದಾನ ಮಾಡಿದಂತಾಗುತ್ತದೆ. ಕೊಡದಿರುವುದನ್ನು ತೆಗೆದುಕೊಳ್ಳಬಾರದೆಂಬ ಅಚೌರ್ಯಾಣುವ್ರತವು ಇಲ್ಲಿಯೂ ನೆನಪಾಗಬೇಕು. ಸ್ವತಂತ್ರ ಪಕ್ಷವು ಉಳಿಯಲಿಲ್ಲವಾದರೂ ಅದರ ಕೊನೆಯ ತತ್ತ್ವವು ಟ್ರಸ್ಟುಗಳಿಗೆ ಮಾದರಿಯಾಗಬಲ್ಲದು. ಅಹಿಂಸೆ, ಸತ್ಯ, ದೇವದ್ರವ್ಯದ ಶುದ್ಧ ಲೆಕ್ಕ, ಇವುಗಳಲ್ಲಿ ಎಲ್ಲರೂ ಒಂದಾಗಿರಲಿ. ಉಳಿದ ವಿಷಯಗಳಲ್ಲಿ ತಂದೆಮಕ್ಕಳು ಬೇರೆ ಬೇರೆ ಚಿಹ್ನೆಗೆ ಮತ ಹಾಕಿ ಬಂದರೂ ಒಂದೇ ಬಸದಿಯಲ್ಲಿ ಜೊತೆಯಾಗಿ ಪೂಜೆಗೆ ನಿಲ್ಲುವಂತಿರಲಿ.