ಚಿಟ್ಟಿಲಿಯ ಊಟದೆಲೆ

ಒಣಗಿದ ನವಣೆ ತೆನೆಯೊಂದನ್ನು ಪಂಜರದ ಸರಳಿಗೆ ತಲೆಕೆಳಗಾಗಿ ಕಟ್ಟಿ, ದೀಪ ಸಣ್ಣ ಮಾಡಿ ಕೂತರೆ ಮುಂದಿನ ಅರ್ಧ ಗಂಟೆಗೆ ಬೇರೆ ಮನರಂಜನೆ ಬೇಕಿಲ್ಲ. ಗೂಡಿನ ಬಾಯಲ್ಲಿ ಮೀಸೆ ಕಾಣಿಸಿಕೊಳ್ಳುತ್ತದೆ, ಅದರ ಹಿಂದೆ ಒಂದೇ ಸಮನೆ ಅದುರುವ ಮೂಗು. ಬಿಳಿ ಇಲಿಯ ಕೆಂಪು ಕಣ್ಣಿಗೆ ದೃಷ್ಟಿ ಅಷ್ಟಕ್ಕಷ್ಟೇ, ಹಾಗಾಗಿ ವಾಸನೆಯ ದಾರಿ ಹಿಡಿದೇ ಬರಬೇಕು. ಬಂದದ್ದು ಹಿಂಗಾಲ ಮೇಲೆ ನಿಂತು, ಬಾಲವನ್ನು ನೆಲಕ್ಕೆ ಊರಿ, ತೆನೆಯನ್ನು ಎರಡೂ ಕೈಯಲ್ಲಿ ಬಾಗಿಸಿಕೊಳ್ಳುತ್ತದೆ. ಮುಂಗಾಲು ಎನ್ನಬೇಕಿತ್ತು, ಆದರೆ ಉಣ್ಣುವಾಗ ಅವನ್ನು ಕೈ ಎನ್ನದೆ ವಿಧಿಯಿಲ್ಲ.

ಆಮೇಲಿನದು ಶುದ್ಧ ಕಸುಬು. ಒಂದು ಕಾಳು ಕಿತ್ತು, ಕೂತು, ಅಂಗೈಗಳ ನಡುವೆ ತಿರುಗಿಸುತ್ತ ಬಾಚಿಹಲ್ಲಿನಿಂದ ಸಿಪ್ಪೆಗೆ ಒಂದು ಗೀರು. ಸಿಪ್ಪೆ ಎರಡು ಹೋಳಾಗಿ ಉದುರುತ್ತದೆ, ಕಾಳು ಒಳಗೆ. ನವಣೆಯ ಸಾವಿರ ಕಾಳು ತೂಗಿದರೆ ಸುಮಾರು 3 ಗ್ರಾಂ. ಬೆಳೆದ ಚಿಟ್ಟಿಲಿಯೊಂದರ ದಿನದ ಊಟವೂ ಹೆಚ್ಚುಕಡಿಮೆ ಅಷ್ಟೇ, 3ರಿಂದ 5 ಗ್ರಾಂ. ಬರೀ ನವಣೆಯಲ್ಲೇ ಹೊಟ್ಟೆ ತುಂಬಿಸಿಕೊಳ್ಳಬೇಕೆಂದರೆ ಒಂದು ರಾತ್ರಿಗೆ ಸಾವಿರಕ್ಕೂ ಮಿಕ್ಕಿ ಕಾಳು ಸುಲಿಯಬೇಕು. ಬಳ್ಳಾರಿ, ಕೊಪ್ಪಳದ ಕಡೆಯ ಹೊಲಗಳಲ್ಲಿ ನವಣೆ ಬೆಳೆಯುವವರಿಗೆ ಇಲಿಯ ಈ ಕೈಚಳಕ ಖಂಡಿತ ಹಿಡಿಸುವುದಿಲ್ಲ. ಪಂಜರದೊಳಗೆ ಅದೇ ಕೈಚಳಕಕ್ಕೆ ಚಪ್ಪಾಳೆ ತಟ್ಟಬಹುದು.

ಇಲಿಯ ಬಾಯಿಯ ರಚನೆಯೇ ಸೊಗಸು. ಒಟ್ಟು ಹದಿನಾರು ಹಲ್ಲು: ಮುಂದೆ ನಾಲ್ಕು ಬಾಚಿ, ಹಿಂದೆ ಹನ್ನೆರಡು ದವಡೆ, ನಡುವೆ ಖಾಲಿ ಜಾಗ. ಕಚ್ಚುವಾಗ ಆ ಖಾಲಿ ಜಾಗಕ್ಕೆ ತುಟಿಯ ಅಂಚನ್ನು ಒಳಗೆಳೆದುಕೊಂಡು ಬಾಗಿಲು ಹಾಕಿಬಿಡುತ್ತದೆ. ಮರ ಕೆರೆದರೂ ಹೊಟ್ಟು ಗಂಟಲಿಗೆ ಹೋಗದು. ಬಾಚಿಹಲ್ಲು ಸಾಯುವತನಕ ಬೆಳೆಯುತ್ತಲೇ ಇರುವುದರಿಂದ ಗಟ್ಟಿಯಾದದ್ದನ್ನು ಕಡಿಯುವ ಕೆಲಸ ಅದಕ್ಕೆ ಅನಿವಾರ್ಯ. ಮೆತ್ತನೆಯ ಅನ್ನ, ಬ್ರೆಡ್ಡು ಹಾಕಿ ಸಾಕುತ್ತೇನೆ ಎನ್ನುವವರು ಇದನ್ನು ಮರೆಯುತ್ತಾರೆ.

ಇನ್ನೊಂದು ಸಂಗತಿ ತಿಳಿದ ಮೇಲಂತೂ ಇಲಿ ಉಣ್ಣುವುದನ್ನು ನೋಡುವ ಬಗೆಯೇ ಬೇರೆಯಾಗುತ್ತದೆ. ಇಲಿಗೆ ವಾಂತಿ ಬರುವುದಿಲ್ಲ. ನುಂಗಿದ್ದು ನುಂಗಿದ್ದೇ. ಅದಕ್ಕೇ ಅದು ಹೊಸ ತಿನಿಸನ್ನು ಮೊದಲು ಮೂಸಿ, ಒಂದು ಚೂರು ಕಡಿದು, ಬಿಟ್ಟು, ಸುತ್ತು ಹೊಡೆದು, ಮತ್ತೆ ಬರುತ್ತದೆ. ರಾತ್ರಿಯಿಡೀ ಹತ್ತಾರು ಸಲ, ಇಲ್ಲಿ ಒಂದು ಕಚ್ಚು, ಅಲ್ಲಿ ಒಂದು ಕಚ್ಚು. ಸಂಗೀತ ಕಛೇರಿಯ ಮುಂದಿನ ಸಾಲಿನಲ್ಲಿ ಕೂತ ಹಳೆಯ ಕೇಳುಗನಂತೆ, ಒಂದೊಂದಕ್ಕೂ ತಲೆದೂಗುವ ಮುನ್ನ ತೂಗಿ ನೋಡುವ ಜೀವ ಇದು. ಬಕಾಸುರತನ ಏನಿದ್ದರೂ ಬಡಿಸುವವರ ಕಡೆಯದು. ಇಪ್ಪತ್ತೈದು ಮೂವತ್ತು ಗ್ರಾಂ ತೂಗುವ ಜೀವಕ್ಕೆ ನಮ್ಮ ಒಂದು ಚಿಟಿಕೆ ಎಂದರೆ ಏನು ಎಂಬ ಅಂದಾಜು ನಮಗಿರುವುದಿಲ್ಲ.

ಸೂರ್ಯಕಾಂತಿ ಬೀಜದ ವಿಷಯಕ್ಕೆ ಬರೋಣ. ಅಂಗಡಿಯಲ್ಲಿ ಸಿಗುವ ಬಣ್ಣಬಣ್ಣದ ಮಿಶ್ರಣದ ಪೊಟ್ಟಣದಲ್ಲಿ ಎದ್ದು ಕಾಣುವುದು ಅದೇ, ಇಲಿ ಮೊದಲು ಹೆಕ್ಕುವುದೂ ಅದನ್ನೇ. ಆರಿಸಿ ಆರಿಸಿ ಕೊಬ್ಬಿನ ಕಾಳನ್ನಷ್ಟೇ ತಿಂದು ಉಳಿದದ್ದನ್ನು ಹಾಸಿಗೆಯ ಹೊಟ್ಟಿನಲ್ಲಿ ಬೆರೆಸಿಬಿಡುತ್ತದೆ. ಕೆಲವೇ ವಾರದಲ್ಲಿ ಇಲಿ ಉಂಡೆಯಾಗುತ್ತದೆ. ನನ್ನ ಮಟ್ಟಿಗೆ ಅದು ವಾರಕ್ಕೆ ಒಂದೆರಡು ಬೀಜದ ಬಾಬತ್ತು, ಅದೂ ಕೈಯಿಂದಲೇ ಕೊಡುವಂಥದ್ದು. ದಿನದ ಮುಖ್ಯ ಊಟಕ್ಕೆ ಇಲಿಗೆಂದೇ ಮಾಡಿದ ಒಣ ಪೆಲೆಟ್ ಇರಲಿ. ಅದರಲ್ಲಿ ಆರಿಸಲು ಏನೂ ಇಲ್ಲ, ಎಲ್ಲ ತುತ್ತೂ ಒಂದೇ. ರುಚಿಯ ದೃಷ್ಟಿಯಿಂದ ಅದೊಂದು ಬೇಸರದ ವಸ್ತು ಎಂದು ಒಪ್ಪಿಕೊಂಡೇ ಹೇಳುತ್ತಿದ್ದೇನೆ. ಆ ಬೇಸರ ಕಳೆಯಲೆಂದೇ ನವಣೆ, ಸಾಮೆ, ರಾಗಿ, ಓಟ್ಸ್. ಬಟ್ಟಲಿಗೆ ಸುರಿಯದೆ ಹೊಟ್ಟಿನ ಮೇಲೆ ಚೆಲ್ಲಿದರೆ ಹುಡುಕುವ ಸುಖವೂ ಸೇರುತ್ತದೆ.

ಓಟ್ಸ್‌ಗೆ ಇಲಿಲೋಕದಲ್ಲಿ ಚರಿತ್ರೆಯೇ ಇದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಗ್ರ್ಯಾನ್‌ಬಿ ಎಂಬ ಊರಿನಲ್ಲಿ 1900ರ ಸುಮಾರಿಗೆ ಅಬಿ ಲ್ಯಾಥ್ರಾಪ್ ಎಂಬ ನಿವೃತ್ತ ಶಾಲಾ ಶಿಕ್ಷಕಿ ಮುದ್ದಿಗೆ ಸಾಕುವವರಿಗಾಗಿ ಇಲಿ ಬೆಳೆಸತೊಡಗಿದರು. ಮುಂದೆ ಅವು ಸಾವಿರಗಟ್ಟಲೆಯಾದವು, ವಿಜ್ಞಾನಿಗಳು ಗಿರಾಕಿಗಳಾದರು. ಇಂದು ಜಗತ್ತಿನ ಪ್ರಯೋಗಾಲಯಗಳಲ್ಲಿ ಅತಿ ಹೆಚ್ಚು ಕಾಣಸಿಗುವ ಕಪ್ಪಿಲಿಯ ತಳಿ 1921ರಲ್ಲಿ ರೂಪುಗೊಂಡದ್ದು ಅವರ ದೊಡ್ಡಿಯ ಇಲಿಗಳಿಂದಲೇ. ಅಷ್ಟು ದೊಡ್ಡ ಸಂಸಾರಕ್ಕೆ ಅವರು ಹಾಕುತ್ತಿದ್ದದ್ದು ಓಟ್ಸ್ ಮತ್ತು ಕ್ರ್ಯಾಕರ್ ಬಿಸ್ಕತ್ತು. ಬಿಸ್ಕತ್ತಿನ ವಿಷಯದಲ್ಲಿ ಅವರನ್ನು ಅನುಸರಿಸಬೇಕಿಲ್ಲ. ಓಟ್ಸ್‌ನ ಪದರವನ್ನು ತಟ್ಟೆಯಂತೆ ಅಡ್ಡ ಹಿಡಿದು ಅಂಚಿನಿಂದ ಕೊರೆಯುತ್ತ ಬರುವ ಇಲಿಯನ್ನು ಒಮ್ಮೆ ನೋಡಿದರೆ ಲ್ಯಾಥ್ರಾಪ್ ಯಾಕೆ ಆ ಧಾನ್ಯ ಹಿಡಿದರೆಂದು ಕೇಳುವ ಮನಸ್ಸಾಗದು.

ಹಸಿ ತಿನಿಸಿನಲ್ಲಿ ನನ್ನ ಆಯ್ಕೆ ಬಟಾಣಿ. ಎಳೆ ಬಟಾಣಿಯೊಂದು ಇಲಿಯ ತೋಳಿನ ತುಂಬ ಆಗುತ್ತದೆ, ಜಾರುತ್ತದೆ, ಉರುಳುತ್ತದೆ, ಬೆನ್ನಟ್ಟಿಸಿಕೊಳ್ಳುತ್ತದೆ. ಕೊನೆಗೆ ಮೂಲೆಗೊತ್ತಿ ತೂತು ಕೊರೆದು ಒಳಗಿನದೆಲ್ಲ ತಿಂದು ಹಸಿರು ಟೋಪಿಯಂಥ ಸಿಪ್ಪೆ ಬಿಟ್ಟು ಹೋಗುತ್ತದೆ. ಸೌತೆಕಾಯಿಯ ತೆಳು ಬಿಲ್ಲೆ ಏಪ್ರಿಲ್ ಬಿಸಿಲಿಗೆ ಹಿತ. ಕ್ಯಾರೆಟ್ಟಿನ ಚೂರು, ಕೊತ್ತಂಬರಿಯ ಎಸಳು ಆಗಾಗ. ಎಲ್ಲವೂ ಉಗುರಿನಷ್ಟೇ, ಹೆಚ್ಚಾದರೆ ಹೊಟ್ಟೆ ಸಡಿಲ. ಇಲಿ ಕೂಡಿಡುವ ಜಾತಿ ಎಂಬುದು ನೆನಪಿರಬೇಕು: ರಾತ್ರಿ ಕೊಟ್ಟ ಸೌತೆ ಬೆಳಗ್ಗೆ ಕಾಣದಿದ್ದರೆ ತಿಂದಿದೆ ಎಂದುಕೊಳ್ಳದೆ ಗೂಡಿನ ಮೂಲೆ ತಡಕಬೇಕು. ಹಾಲೂಡುವ ತಾಯಿಗೆ ಬೇಯಿಸಿದ ಮೊಟ್ಟೆಯ ಚೂರು ಸೇರಿಸಬಹುದು, ಆಗ ಅದಕ್ಕೆ ಪ್ರೋಟೀನು ಹೆಚ್ಚು ಬೇಕು. ನೀರಿನ ಬಾಟಲಿಯ ನಳಿಕೆ ಕಟ್ಟಿಕೊಂಡಿಲ್ಲವೇ ಎಂದು ದಿನಾ ಬೆರಳಿಟ್ಟು ನೋಡುವುದು ಬೇರೆ ಹೇಳಬೇಕಿಲ್ಲ.

ಕೊಡಬಾರದ್ದು ಹಲವಿವೆ, ಬೇಗ ಹೇಳಿ ಮುಗಿಸುತ್ತೇನೆ. ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿ, ಸೇಬಿನ ಬೀಜ, ಹಸಿರುಗಟ್ಟಿದ ಅಥವಾ ಮೊಳೆತ ಆಲೂಗಡ್ಡೆ, ಬೇಯಿಸದ ರಾಜ್ಮಾ, ಉಪ್ಪುಖಾರ ಬಿದ್ದ ಕುರುಕಲು. ಕಡಲೆಕಾಯಿಯನ್ನು ಮಳೆಗಾಲದಲ್ಲಿ ನಾನು ದೂರವೇ ಇಡುತ್ತೇನೆ. ತೇವ ತಗುಲಿದ ಬೀಜದಲ್ಲಿ ಬೂಷ್ಟು ಬಂದರೆ ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಅದು ಯಕೃತ್ತಿಗೆ ಏಟು. ಇನ್ನು ಚೀಸು! ವ್ಯಂಗ್ಯಚಿತ್ರಗಳು ಹಬ್ಬಿಸಿದ ಕಟ್ಟುಕತೆ ಅದು. ಚೀಸು, ಧಾನ್ಯ ಎರಡೂ ಇದ್ದರೆ ಇಲಿಯ ಒಲವು ಧಾನ್ಯದ ಕಡೆಗೇ.

ಎರಡು ವರ್ಷ ದಾಟಿದ ಇಲಿ ಮುದುಕ. ಬೆನ್ನು ಗೂನಾಗಿ, ಕಾಳು ಸುಲಿಯುವ ಕೈ ನಿಧಾನವಾಗುತ್ತದೆ. ಆಗ ಪೆಲೆಟನ್ನು ಬಿಸಿನೀರಲ್ಲಿ ನೆನೆಸಿ ಆರಿಸಿ ಕೊಟ್ಟರೆ ನೆಕ್ಕಿ ನೆಕ್ಕಿ ಉಣ್ಣುತ್ತದೆ. ಉಂಡ ಮೇಲೆ ಮೀಸೆ ತೊಳೆಯುವ ಶಿಸ್ತು ಮಾತ್ರ ಬಿಟ್ಟಿರುವುದಿಲ್ಲ.

ನಮ್ಮ ಶಿಲ್ಪಿಗಳು ಗಣಪನ ಕಾಲಬುಡದ ಮೂಷಿಕನ ಕೈಗೂ ಒಂದು ಲಾಡು ಕೊಟ್ಟುಬಿಟ್ಟಿದ್ದಾರೆ. ಎರಡು ಕೈಯಲ್ಲಿ ಹಿಡಿದು ತಲೆಯೆತ್ತಿ ಕೂತ ಆ ಭಂಗಿಯಂತೂ ಕರಾರುವಾಕ್ಕು. ಇಲಿ ಉಣ್ಣುವುದನ್ನು ಹತ್ತಿರದಿಂದ ಕಂಡವನೇ ಕಡೆದಿರಬೇಕು. ಆದರೆ ಬೆಲ್ಲ, ತುಪ್ಪದ ಲಾಡು ಕಲ್ಲಿನ ಇಲಿಗಷ್ಟೇ ಜೀರ್ಣವಾದೀತು. ಚೌತಿಯ ದಿನ ಪಂಜರದ ಕಡೆಗೂ ಕೈ ಹೋಗದೆ ಇರದು ಎನ್ನುವವರು ಹಬೆಯಲ್ಲಿ ಬೆಂದ ಕಡುಬಿನ ಹೊರಗಿನ ಅಕ್ಕಿಹಿಟ್ಟನ್ನು ಸಾಸಿವೆಯಷ್ಟು ಚಿವುಟಿ ಕೊಡಲಿ. ಹೂರಣ ನಮ್ಮ ಪಾಲಿಗಿರಲಿ.