ಜೀವಕೋಶಶಾಸ್ತ್ರದ ಕೆಲವು ಪರಿಭಾಷೆಗಳ ವಿಮರ್ಶೆ

ಶಾಸ್ತ್ರದಲ್ಲಿ ಪರಿಭಾಷೆಯು ಬರಿಯ ಹೆಸರಲ್ಲ. ಅದು ಕಿವಿಗೆ ಬಿದ್ದೊಡನೆಯೇ, ವಿವರಣೆಯನ್ನು ಓದುವುದಕ್ಕೆ ಮೊದಲೇ, ವಿದ್ಯಾರ್ಥಿಯ ಮನಸ್ಸಿನಲ್ಲಿ ಒಂದರ್ಥವು ಅಂಕುರಿಸುವುದು. ಆ ಅರ್ಥವು ವಸ್ತುವಿಗೆ ವಿರುದ್ಧವಾಗಿದ್ದರೆ ಉಪಾಧ್ಯಾಯರ ಶ್ರಮವೆಲ್ಲವೂ ಅದನ್ನು ಕೀಳುವುದರಲ್ಲಿಯೇ ವ್ಯಯವಾಗುವುದು. ಕನ್ನಡದ ಜೀವಶಾಸ್ತ್ರ ಪಠ್ಯಗಳಲ್ಲಿ ಬಳಕೆಗೆ ಬಂದಿರುವ ಕೆಲವು ಮಾತುಗಳನ್ನು ಈ ದೃಷ್ಟಿಯಿಂದ ಪರೀಕ್ಷಿಸಬೇಕಾಗಿದೆ.

'ಜೀವಕೋಶ'ವೆಂಬುದು ಮೂಲಕ್ಕಿಂತಲೂ ಮೇಲಾದ ಶಬ್ದವು. 1665ರಲ್ಲಿ ರಾಬರ್ಟ್ ಹುಕ್ ಎಂಬ ಆಂಗ್ಲ ವಿದ್ವಾಂಸನು ಸೂಕ್ಷ್ಮದರ್ಶಕದಲ್ಲಿ ಬೆಂಡಿನ ತೆಳುಹೋಳನ್ನು ನೋಡಿ, ಅಲ್ಲಿ ಕಂಡ ಗೂಡುಗಳನ್ನು 'ಸೆಲ್' ಎಂದರೆ ಸಣ್ಣ ಕೋಣೆಗಳೆಂದು ಕರೆದನು. ಅವನು ಕಂಡುದು ಜೀವವು ಹೋದ ಬರಿಯ ಗೋಡೆಗಳನ್ನು. 'ಕೋಶ'ವಾದರೋ ಒರೆಯೂ ಅಹುದು, ಭಂಡಾರವೂ ಅಹುದು. ಒಳಗೆ ರಕ್ಷಣೀಯವಾದ ವಸ್ತುವುಂಟೆಂಬುದನ್ನು ತಾನೇ ಹೇಳುವುದು.

'ಕೋಶಪೊರೆ'ಯಲ್ಲಿ ವೈಯಾಕರಣರು ಅರಿಸಮಾಸದೋಷವನ್ನು ಎಣಿಸಬಹುದು. ಆದರೆ ಇಂತಹ ಸಮಾಸಗಳನ್ನು ಕೇಶಿರಾಜನೇ ಬಿರುದಾವಳಿಗಳಲ್ಲಿಯೂ ಪೂರ್ವಕವಿಪ್ರಯೋಗಗಳಲ್ಲಿಯೂ ಮನ್ನಿಸಿರುವನು. ಮೇಲಾಗಿ 'ಪೊರೆ'ಯು ನಾಮವಾದಾಗ ತೆಳುವಾದ ಹೊದಿಕೆ, ಕ್ರಿಯೆಯಾದಾಗ ಕಾಪಾಡು, ಪೋಷಿಸು. ವಸ್ತುವಿನ ರೂಪವನ್ನೂ ವ್ಯಾಪಾರವನ್ನೂ ಒಟ್ಟಿಗೆ ಸೂಚಿಸುವ ಇಂತಹ ಶಬ್ದವನ್ನು ಬಿಟ್ಟು ಶುದ್ಧಸಮಾಸವನ್ನು ಅರಸುವುದು ವ್ಯರ್ಥಪಾಂಡಿತ್ಯವು. ಆಕ್ಷೇಪಕ್ಕೆ ಅರ್ಹವಾದುದು ಅದಕ್ಕೆ ಹತ್ತಿಸಿರುವ 'ಅರೆಪಾರಕ'ವೆಂಬ ವಿಶೇಷಣವು. ಪೊರೆಯು ಎಲ್ಲವನ್ನೂ ಅರ್ಧರ್ಧ ಬಿಡುವುದಿಲ್ಲ. ಆಮ್ಲಜನಕವು ಅದನ್ನು ಸುಲಭವಾಗಿ ದಾಟುವುದು. ಸೋಡಿಯಂ ಅಯಾನಿಗೆ ಪ್ರತ್ಯೇಕವಾದ ದ್ವಾರವು ಬೇಕು. ನೀರಿಗೂ ಅನೇಕ ಕೋಶಗಳಲ್ಲಿ ಅಂತಹ ದ್ವಾರವುಂಟು. ಅದನ್ನು ಕಂಡುಹಿಡಿದ ಪೀಟರ್ ಆಗ್ರೆಗೆ 2003ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಇದು ಆಯ್ಕೆಯೇ ಹೊರತು ಅರೆತನವಲ್ಲ.

ಇನ್ನು 'ವಿಸರಣ', 'ಅಭಿಸರಣ'ಗಳು. ಎರಡಕ್ಕೂ ಧಾತು ಒಂದೇ; ಉಪಸರ್ಗದಿಂದ ಅರ್ಥಭೇದವು. 'ವಿ' ಎಂದರೆ ನಾನಾ ದಿಕ್ಕಿಗೆ ಹರಡುವುದು. 'ಅಭಿ' ಎಂದರೆ ಒಂದರ ಕಡೆಗೆ ಮುಖಮಾಡಿ ಹೋಗುವುದು. 1854ರಲ್ಲಿ ಥಾಮಸ್ ಗ್ರಹಾಮನು ಬಳಕೆಗೆ ತಂದ ಪಾಶ್ಚಾತ್ಯ ಸಂಜ್ಞೆಯು ಗ್ರೀಕಿನ 'ನೂಕು' ಎಂಬ ಮಾತಿನಿಂದ ಹುಟ್ಟಿದುದು. ಅಲ್ಲಿ ಬಲವು ಪ್ರಧಾನ, ಇಲ್ಲಿ ದಿಕ್ಕು ಪ್ರಧಾನ. ಉಪ್ಪು ಬೆರಸಿದ ಮಾವಿನಹೋಳು ನೀರುಬಿಡುವುದೂ, ನೀರಿನಲ್ಲಿ ನೆನೆದ ಒಣದ್ರಾಕ್ಷಿಯು ಉಬ್ಬುವುದೂ ಈ ದಿಕ್ಕಿಗೆ ನಿದರ್ಶನಗಳು. ಕಾವ್ಯಪರಿಚಯವುಳ್ಳವರಿಗೆ ಅಭಿಸಾರಿಕೆಯು ನೆನಪಾಗದಿರಳು. ನೀರಿಗೆ ಅಂತಹ ಸಂಕಲ್ಪವೇನೂ ಇಲ್ಲ. ಅದರ ಕಣಗಳು ಎರಡು ಕಡೆಗೂ ದಾಟುತ್ತಲೇ ಇರುವುವು. ಒಂದು ಕಡೆಗೆ ದಾಟುವುವು ಹೆಚ್ಚು, ಅಷ್ಟೆ. 'ಅಭಿ'ಯು ಈ ಹೆಚ್ಚಳಕ್ಕೆ ಮಾತ್ರ ಅನ್ವಯಿಸುವುದೆಂದು ಪಠ್ಯವು ಹೇಳಿದರೆ ಶಬ್ದವು ನಿರ್ದುಷ್ಟವಾಗುವುದು. ಆದರೆ "ಹೆಚ್ಚು ಸಾರತೆಯಿಂದ ಕಡಿಮೆ ಸಾರತೆಗೆ" ಎಂಬ ಲಕ್ಷಣವನ್ನು ಎರಡಕ್ಕೂ ಹೇಳಿ, ಸಾರತೆಯು ನೀರಿನದೋ ಅದರಲ್ಲಿ ಕರಗಿದ ವಸ್ತುವಿನದೋ ಎಂಬುದನ್ನು ಬಿಟ್ಟುಬಿಡುವುದುಂಟು. ವಿದ್ಯಾರ್ಥಿಯು ಉಪ್ಪಿನ ಸಾರತೆಯೆಂದೇ ಗ್ರಹಿಸುವನು. ಮಾವಿನಹೋಳು ಅವನ ಲೆಕ್ಕದಲ್ಲಿ ನೀರನ್ನು ಹೀರಬೇಕಾಗುವುದು! ಒಂದು ಷಷ್ಠೀವಿಭಕ್ತಿಯ ಲೋಪದಿಂದ ಸಿದ್ಧಾಂತವೇ ತಲೆಕೆಳಗಾಯಿತು.

'ಸಕ್ರಿಯ ಸಾಗಣೆ'ಯು ಸಾಧುವಾದ ಪ್ರಯೋಗ. ಸರಣದಲ್ಲಿ ಚಲಿಸುವ ವಸ್ತುವೇ ಕರ್ತೃ. ಸಾಗಣೆಯಲ್ಲಿ ವಸ್ತುವು ಕರ್ಮ, ಸಾಗಿಸುವುದು ಬೇರೊಂದು. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ವರ್ಣಿಸಿದ ಪೊರೆಯ ಕಿಣ್ವವು ಒಂದು ಎ.ಟಿ.ಪಿ. ಅಣುವನ್ನು ವ್ಯಯಮಾಡಿ 3 ಸೋಡಿಯಂ ಅಯಾನುಗಳನ್ನು ಹೊರಕ್ಕೂ 2 ಪೊಟಾಸಿಯಂ ಅಯಾನುಗಳನ್ನು ಒಳಕ್ಕೂ, ಅವುಗಳ ಸಹಜಗತಿಗೆ ವಿರುದ್ಧವಾಗಿ, ಸಾಗಿಸುವುದು. ಇಲ್ಲಿ ಸಾಗಿಸುವವನೂ ಉಂಟು, ಕೂಲಿಯೂ ಉಂಟು. ಇದಕ್ಕೆ ಪ್ರತಿಯಾಗಿ ವಿಸರಣಾದಿಗಳನ್ನು 'ನಿಷ್ಕ್ರಿಯ ಸಾಗಣೆ'ಯೆಂದು ಕರೆಯುವುದು ಮಾತ್ರ ಸಲ್ಲದು. ಸಾಗಿಸುವವನಿಲ್ಲದೆ ಸಾಗಣೆಯೆಲ್ಲಿ? 'ಸಹಜಸರಣ'ವೆಂದರೆ ಸಾಕು, ವಿಸರಣ, ಅಭಿಸರಣಗಳೆರಡೂ ಅದರಲ್ಲಿ ಅಡಗುವುವು.