ಬಾನುಲಿಯ ಹಂಗು

2020ರಲ್ಲಿ ಶಾಲೆಗಳು ಮುಚ್ಚಿದಾಗ ಪ್ರೌಢಶಾಲೆಯ ಮಕ್ಕಳಿಗೆ ‘ಸೇತುಬಂಧ’ ಪಾಠಗಳು ಬಂದದ್ದು ದೂರದರ್ಶನದ ಚಂದನದಲ್ಲಿ. ಬೆಂಗಳೂರಿನ ಕಾಮಾಕ್ಷಿಪಾಳ್ಯದಂಥ ಕಡೆ, ಲೇತ್ ಶೆಡ್ಡು, ಗಾರ್ಮೆಂಟ್ಸ್ ನಂಬಿದ ಮನೆಗಳಲ್ಲಿ ಇರುವ ಒಂದು ಸ್ಮಾರ್ಟ್‌ಫೋನು ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೊರಟುಬಿಡುತ್ತದೆ. ಮನೆಯಲ್ಲಿ ಉಳಿಯುವುದು ಟಿವಿ. ಹತ್ತು ಸೆಕೆಂಡಿಗೆ ಇಷ್ಟು ಎಂದು ಹೊತ್ತನ್ನು ಮಾರುವ ವಾಹಿನಿಗೆ ತಿಂಗಳುಗಟ್ಟಲೆ ಗಣಿತ ಪಾಠ ಗಿಟ್ಟುವ ವ್ಯಾಪಾರವಲ್ಲ. ಆಕಾಶವಾಣಿ, ದೂರದರ್ಶನಗಳಿಗೆ ಸರ್ಕಾರ ಯಾಕೆ ದುಡ್ಡು ಸುರಿಯಬೇಕು ಎನ್ನುವವರು ಲೆಕ್ಕ ಶುರುಮಾಡಬೇಕಾದ್ದು ಇಲ್ಲಿಂದ. ಸರ್ಕಾರದ ದುಡ್ಡಿಲ್ಲದೆ ಒಬ್ಬರ ಉತ್ಸಾಹ ಎಷ್ಟು ದೂರ ಸಾಗೀತೆಂಬುದನ್ನು ಮೈಸೂರು ಹಿಂದೆಯೇ ಕಂಡಿದೆ: ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಹೂಡಿದ ನಿಲಯ, ‘ಆಕಾಶವಾಣಿ’ ಎಂಬ ಹೆಸರನ್ನು ದೇಶಕ್ಕೇ ಕೊಟ್ಟ ನಿಲಯ, ಕೆಲವೇ ವರ್ಷಗಳಲ್ಲಿ ಸಂಸ್ಥಾನದ ಸುಪರ್ದಿಗೆ ಹೋಯಿತು.

ಉಪ್ಪುಂಡ ಮನೆಗೆ ಎರಡು ಬಗೆಯುವುದು ಹೇಗೆ ಎಂಬ ಆಕ್ಷೇಪವೇನೂ ಸಣ್ಣದಲ್ಲ. ಆಕಾಶವಾಣಿ, ದೂರದರ್ಶನಗಳನ್ನು ನಡೆಸುವ ಪ್ರಸಾರ ಭಾರತಿಯ ಕಾಯ್ದೆ 1990ರಲ್ಲಿ ಬಂತು, ಜಾರಿಯಾದದ್ದು 1997ರಲ್ಲಿ. ಸ್ವಾಯತ್ತತೆ ಸಾರುವ ಅದೇ ಕಾಯ್ದೆಯ 23ನೇ ಕಲಂ, ದೇಶದ ಭದ್ರತೆ, ಸಾರ್ವಜನಿಕ ಮಹತ್ವ ಮುಂತಾದ ಕಾರಣ ಹೇಳಿ ಇದನ್ನು ಪ್ರಸಾರ ಮಾಡು, ಇದನ್ನು ಬೇಡ ಎನ್ನಲು ಕೇಂದ್ರಕ್ಕೆ ಅವಕಾಶ ಇಟ್ಟಿದೆ. ಸಂಬಳದ ಬಾಬ್ತು ಬರುವುದೂ ಸಚಿವಾಲಯದ ಮೂಲಕ, ವರ್ಷ ವರ್ಷ. ಖಾಸಗಿ ಎಫ್‌ಎಂಗಳು ಸ್ವಂತ ಸುದ್ದಿ ಓದುವಂತಿಲ್ಲವಾದ್ದರಿಂದ ಈ ಒಂದು ಬಾಯಿ ವಾಲಿದರೆ ಕೇಳುಗ ತಿರುಗಿಸಲು ಬೇರೆ ಸ್ಟೇಷನ್ನೇ ಇಲ್ಲ. ರೋಗ ನಿಜ, ಆದರೆ ಜಾಹೀರಾತು ಅದಕ್ಕೆ ಮದ್ದಲ್ಲ. ಸರ್ಕಾರಿ ಜಾಹೀರಾತಿಗೆ ಖಾಸಗಿ ವಾಹಿನಿಗಳೂ ಕೈಚಾಚುತ್ತವೆ (ಹಂಗು ಅದೇ, ರಸೀತಿ ಮಾತ್ರ ಬೇರೆ). ಗಳಿಕೆಯನ್ನೇ ಅಳತೆಗೋಲು ಮಾಡಿದರೆ ಮೊದಲು ಸುಮ್ಮನಾಗುವುದು ಶಾಸ್ತ್ರೀಯ ಸಂಗೀತದ ‘ಅಮೃತವರ್ಷಿಣಿ’, ಆಮೇಲೆ ರೈತರ ಕಾರ್ಯಕ್ರಮ. ಅಂಚೆ ಕಚೇರಿಯಲ್ಲಿ ರೇಡಿಯೊ ಲೈಸೆನ್ಸಿಗೆ ದುಡ್ಡು ಕಟ್ಟುತ್ತಿದ್ದ ಪದ್ಧತಿ 1980ರ ದಶಕದಲ್ಲಿ ನಿಂತಿತು. ಅದಕ್ಕೆ ಮರಳೋಣವೆನ್ನುವವರು ಬಿಬಿಸಿಯತ್ತ ಬೆರಳು ತೋರುತ್ತಾರೆ. ಅಲ್ಲಿಯೂ ಶುಲ್ಕ ಎಷ್ಟೆಂದು ಗೊತ್ತುಮಾಡುವುದು ಸರ್ಕಾರವೇ, ಬಂಗಲೆಗೂ ಸಣ್ಣ ಮನೆಗೂ ದರ ಒಂದೇ.

ಹಾಗಾಗಿ ನನ್ನ ತಕರಾರು ಹಣ ಬರುವ ದಾರಿಯ ಬಗ್ಗೆ. 2023ರಲ್ಲಿ ಕೇಂದ್ರ ಸರ್ಕಾರ ಪ್ರಸಾರ ಭಾರತಿಯ ಯಂತ್ರೋಪಕರಣಗಳಿಗೆಂದು 2025–26ರವರೆಗೆ ಸುಮಾರು 2,539 ಕೋಟಿ ರೂಪಾಯಿಯನ್ನು ಒಟ್ಟಿಗೇ ಮಂಜೂರು ಮಾಡಿತು. ಟ್ರಾನ್ಸ್‌ಮಿಟರಿಗೆ ಹೀಗೆ ಮುಂದಿನ ವರ್ಷಗಳ ಭರವಸೆ ಕೊಡಬಹುದಾದರೆ, ಸುದ್ದಿಮನೆಯ ಸಂಬಳವನ್ನೂ ಸಂಸತ್ತು ಐದು ವರ್ಷಕ್ಕೊಮ್ಮೆ ನೇರವಾಗಿ ಗೊತ್ತುಮಾಡಲು ಅಡ್ಡಿಯೇನು? ನಡುವೆ ಸಚಿವಾಲಯದ ಮೇಜು ಬೇಕಿಲ್ಲ. 23ನೇ ಕಲಂ ಹಾಗೇ ಉಳಿದರೆ ಅದೂ ಅರ್ಧ ಕೆಲಸವೇ.